ಕೂತು ಊದಿದ ತುತ್ತೂರಿ

ಅಫಜಲಪುರದ ಮಂದಿಗೆ ಕೂತು ಕೇಳುವುದು ಗೊತ್ತಿಲ್ಲ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿದ್ದೇನೆ ಅಂತ ಯಾರಾದರೂ ತಿಳಿದರೆ ತಿಳಿಯಲಿ, ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಅಲ್ಲಿನ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಲೆಕ್ಕ ಕಲಿಸಿದೆ. ನಾನು ಹಲಗೆಯ ಕಡೆ ತಿರುಗಿದರೆ ಸಾಕು, ಹಿಂದೆ ಸಂತೆ ನೆರೆಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ನಾನೊಂದು ಮಾತು ಶುರು ಮಾಡಿದರೆ ಅದು ಮುಗಿಯುವ ಮೊದಲೇ ಹೆಡ್‌ಮಾಸ್ತರರು ಚಾ ತರಿಸುವ ವಿಷಯ ತೆಗೆಯುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಜೇವರ್ಗಿ ಬಸ್ಸು ಎಷ್ಟು ಗಂಟೆಗೆ ಅಂತ ನಾನು ಕೇಳಿದರೆ ಕಂಡಕ್ಟರ್ ನನ್ನ ಹಿಂದೆ ನಿಂತವನಿಗೆ ಉತ್ತರ ಹೇಳುತ್ತಿದ್ದ. ನನ್ನ ದನಿ ತೆಳುವು, ಒಪ್ಪುತ್ತೇನೆ. ಆದರೆ ದನಿ ದಪ್ಪ ಇದ್ದವರು ಹೇಳುತ್ತಿದ್ದದ್ದು ಏನು? ತೊಗರಿ ಹೇಗಿದೆ, ಯಾರ ಮಗಳಿಗೆ ಎಲ್ಲಿಯ ವರ ಬಂದಿದೆ, ಇಷ್ಟೇ.

ಎಂಬತ್ತರ ದಶಕದ ನಡುವೆ ಒಂದು ಜನವರಿ ಇಪ್ಪತ್ತಾರಕ್ಕೆ ಶಾಲೆಯ ಹುಡುಗರನ್ನು ಗುಲಬರ್ಗಾದ ಪರೇಡಿಗೆ ಕರೆದುಕೊಂಡು ಹೋಗಿದ್ದೆ. ಮೈದಾನದ ತುಂಬ ಗದ್ದಲ. ಆಗ ಒಬ್ಬ ಪೊಲೀಸಿನವನು ಒಂಟಿಯಾಗಿ ಮುಂದೆ ಬಂದು ಹಿತ್ತಾಳೆಯ ಕಹಳೆಯನ್ನು ಬಾಯಿಗಿಟ್ಟು ಊದಿದ. ಗದ್ದಲ ನಿಂತೇ ಹೋಯಿತು. ದೊಡ್ಡ ದೊಡ್ಡ ಅಧಿಕಾರಿಗಳು ಸುಮ್ಮನಾದರು. ಬಸ್ಸಿನಲ್ಲಿ ಮೂರು ತಾಸು ನನ್ನ ತಲೆ ತಿಂದಿದ್ದ ನನ್ನದೇ ಹುಡುಗರು ಕೈ ಕಟ್ಟಿ ನಿಂತರು. ಆ ಪೊಲೀಸಿನವನು ಏನೂ ಹೇಳಿರಲಿಲ್ಲ, ಬರೀ ಊದಿದ್ದ.

ಆ ಸುಮ್ಮನಾಗುವುದು ನನಗೂ ಬೇಕು ಅನ್ನಿಸಿತು. ಜೀವನದಲ್ಲಿ ಒಂದು ಸಲ, ಹತ್ತು ನಿಮಿಷ, ಈ ಊರು ಕೂತು ನನ್ನನ್ನು ಕೇಳಬೇಕು. ಆಗ ನನಗೆ ನಲವತ್ತೊಂದು.

ಅಫಜಲಪುರದಲ್ಲಿ ಬಾಯಿಂದ ಊದುವ ಹಿತ್ತಾಳೆ ಇದ್ದದ್ದು ಒಂದೇ ಕಡೆ, ಮದುವೆಯ ಬ್ಯಾಂಡಿನವರ ಹತ್ತಿರ. ಎಂಟು ಜನ, ಜರಿ ಹಚ್ಚಿದ ಎಂಟು ಕೆಂಪು ಕೋಟು. ಯಾವ ಕೋಟೂ ಅದನ್ನು ಹಾಕಿದವನ ಅಳತೆಯದಲ್ಲ. ಬೀಗರು ಬಂದರೆ ಬಸ್ ಸ್ಟ್ಯಾಂಡಿನಿಂದ ಮನೆತನಕ ಬಾರಿಸಿಕೊಂಡು ಕರೆತರುವುದು, ಮದುಮಗನನ್ನು ಹನುಮಪ್ಪನ ಗುಡಿಗೆ ಒಯ್ಯುವುದು, ಮಂತ್ರಿ ಬಂದರೆ ಮಂತ್ರಿಯ ಮುಂದೆ ನಡೆಯುವುದು, ಇವು ಅವರ ಕೆಲಸ. ಅವರನ್ನು ಯಾರೂ ಕೇಳುತ್ತಿರಲಿಲ್ಲ. ಬ್ಯಾಂಡು ನುಡಿಯಿತು ಅಂದರೆ ಯಾರೋ ಬಂದರು, ಏಳಬೇಕು, ಹಿಂದೆ ನಡೆಯಬೇಕು. ಅಷ್ಟೇ ಅದರ ಅರ್ಥ. ಬಸ್ಸಿನ ಹಾರ್ನಿಗೂ ಅದಕ್ಕೂ ಆ ಊರಲ್ಲಿ ಹೆಚ್ಚು ಫರಕು ಇರಲಿಲ್ಲ.

ಬ್ಯಾಂಡ್ ಮಾಸ್ತರನಿಗೆ ಅರವತ್ತರ ಹತ್ತಿರ ವಯಸ್ಸು. ಬಡಕಲು ಮೈ, ಕೆನ್ನೆ ಮಾತ್ರ ನಲವತ್ತು ವರ್ಷ ಊದಿ ಊದಿ ಜೋತು ಬಿದ್ದಿದ್ದವು. ಓದು ಬರಹ ಇಲ್ಲ. ಊರಿನ ಮಂದಿ ಆತನನ್ನೂ ಮಾಸ್ತರ ಅನ್ನುತ್ತಿದ್ದರು, ನನ್ನನ್ನೂ ಮಾಸ್ತರ ಅನ್ನುತ್ತಿದ್ದರು. ಬಿ.ಎಸ್ಸಿ., ಬಿ.ಎಡ್. ಮಾಡಿದ ನನಗೆ ಇದು ಬಹಳ ವರ್ಷದಿಂದ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆದರೂ ಆತನ ಮನೆಗೇ ಹೋಗಬೇಕಾಯಿತು. ಸಂತೆ ಬಜಾರದ ಹಿಂದೆ ಒಂದು ಓಣಿ, ಓಣಿಯ ಕೊನೆಗೆ ಬೇವಿನ ಗಿಡದ ಅಂಗಳ.

"ನಿಮಗ್ಯಾಕ ಬೇಕ್ರಿ ಸರ ಇದು?" ಅಂದ.

"ಕಲೀಬೇಕಂತ ಆಸೆ ಅದ" ಅಂದೆ.

ಆತ ನನ್ನ ತುಟಿಯನ್ನು ದನದ ಹಲ್ಲು ನೋಡುವವರ ಹಾಗೆ ನೋಡಿದ. "ತುಟಿ ಬರೋಬ್ಬರಿ ಅದಾವ. ನಾಳಿ ಸಂಜೀಕ ಬರ್ರಿ."

ಮರುದಿನ ತುತ್ತೂರಿ ಕೊಡುತ್ತಾನೆ ಅಂದುಕೊಂಡು ಹೋದರೆ, ಘತ್ತರಗಿ ರಸ್ತೆಗೆ ಕರೆದುಕೊಂಡು ಹೋಗಿ ನಡೆಸಿದ. ಬರೀ ನಡಿಗೆ. "ನಾಕು ಹೆಜ್ಜಿ ಉಸರು ಒಳಗ, ಎಂಟು ಹೆಜ್ಜಿ ಹೊರಗ. ಲೆಕ್ಕಾ ಕಾಲು ಹಿಡೀತಾವ್ರಿ ಸರ, ನೀವು ಹಿಡೀಬ್ಯಾಡ್ರಿ."

ಲೆಕ್ಕದ ಮಾಸ್ತರನಿಗೆ ಈ ಮಾತು. ಅಂದು ಅಮಾವಾಸ್ಯೆ ಬೇರೆ, ಘತ್ತರಗಿಯ ದೇವಿಯ ದರ್ಶನಕ್ಕೆ ಹೋಗುವವರು ರಸ್ತೆಯ ತುಂಬ. ನನ್ನ ಹುಡುಗನೊಬ್ಬನ ತಂದೆ ಟೆಂಪೋದಿಂದ ಕುತ್ತಿಗೆ ಹೊರಗೆ ಹಾಕಿ, "ಸರ, ಯಾರ ಮದಿವಿ?" ಅಂತ ಕೇಳಿದ. ಬ್ಯಾಂಡಿನವನ ಜೊತೆ ನಡೆದರೆ ಮದುವೆ ಇರಲೇಬೇಕು, ಆ ತಲೆಗೆ ಅದಕ್ಕಿಂತ ಮುಂದಿನದು ಹೊಳೆಯುವುದಿಲ್ಲ.

ಎರಡನೆಯ ದಿನವೂ ನಡಿಗೆಯೇ. ಮೂರನೆಯ ದಿನ ನಾನು ಮನೆಯಿಂದ ಮಡಚುವ ಕಬ್ಬಿಣದ ಕುರ್ಚಿ ಹೊತ್ತುಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಹಾಕಿ ಕೂತೆ. ಸಂಗೀತವನ್ನು ಕೂತು ಕಲಿಯುತ್ತಾರೆ, ನಡೆಸಿ ಕಲಿಸುವುದು ಎತ್ತಿಗೆ ಮಾತ್ರ ಅಂತ ಹೇಳಿಯೂಬಿಟ್ಟೆ. ಆತ "ಕುಂತ್ರ ಹೊಟ್ಟಿ ಮಡಚತದ್ರಿ, ಗಾಳಿ ನಡಕ ಸಿಕ್ಕೋತದ" ಅಂತಷ್ಟೇ ಗೊಣಗಿ, ಒಳಗಿನಿಂದ ಹಳೆಯ ಟ್ರಂಪೆಟ್ ತಂದು ಕೊಟ್ಟ. ಅದರ ಬಾಯಿಯ ಅಂಚು ಎರಡು ಕಡೆ ನೆಗ್ಗಿತ್ತು. ಯಾವುದೋ ಮದುವೆಯಲ್ಲಿ ಬೀಗರ ಜಗಳದ ನಡುವೆ ಸಿಕ್ಕಿ ಹಾಗಾದದ್ದಂತೆ.

ಅದಕ್ಕೆ ಮೂರು ಗುಂಡಿ. ಒತ್ತುವ ಬಿಡುವ ರೀತಿಗಳು ಒಟ್ಟು ಎಂಟು. ನಾನು ಚೌಕುಳಿ ಹಾಳೆಯ ನೋಟಬುಕ್ಕಿನಲ್ಲಿ ಎಂಟನ್ನೂ ಬರೆದು, ಎಂಟೇ ರೀತಿಯಲ್ಲಿ ಅಷ್ಟೊಂದು ಸ್ವರ ಹೇಗೆ ಬರುತ್ತವೆ ಅಂತ ಕೇಳಿದೆ.

"ಉಳದಾವು ತುಟೀವು" ಅಂದ. ಇದು ಉತ್ತರವೇ? ನನ್ನ ಹುಡುಗರು ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ ಹಾಕುತ್ತಿದ್ದೆ. ಆದರೆ ತಿಂಗಳು ಕಳೆದ ಮೇಲೆ ಅದು ನಿಜ ಅಂತ ತಿಳಿಯಿತು, ತಿಳಿದು ಇನ್ನೂ ಸಿಟ್ಟು ಬಂತು.

ಮೊದಲ ಎರಡು ತಿಂಗಳು ನನ್ನ ತುತ್ತೂರಿಯಿಂದ ಬಂದದ್ದು ಕಟ್ಟಿಹಾಕಿದ ಕರುವಿನ ದನಿ. ಪಕ್ಕದ ಮನೆಯಾಕೆ ಬಂದು ಎಮ್ಮೆ ಹಾಲು ಕೊಡುತ್ತಿಲ್ಲ ಅಂತ ಬಾಗಿಲಲ್ಲಿ ನಿಂತಳು. ಹಾಗಾದರೆ ಎಮ್ಮೆಗೆ ಹತ್ತಿ ಕೊಡವ್ವ, ಕಿವಿಗೆ ಇಟ್ಟುಕೊಳ್ಳಲಿ ಅಂದೆ. ನನ್ನ ತುಟಿ ಬಾತುಕೊಂಡವು. ತರಗತಿಯಲ್ಲಿ ನಾನು ಹಲಗೆಯ ಕಡೆ ತಿರುಗಿದಾಗ ಹಿಂದಿನ ಬೆಂಚಿನಿಂದ ತುತ್ತೂರಿ ಸಪ್ಪಳ ಬರತೊಡಗಿತು. ಹೆಡ್‌ಮಾಸ್ತರರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ಏನ್ರಿ, ಪಗಾರ ಸಾಲವಲ್ದೇನು, ಮದಿವಿ ಸೀಜನ್ ಹಿಡದೀರಿ?" ಅಂದರು. ಎಲ್ಲ ನಕ್ಕರು. ಆ ನಕ್ಕವರನ್ನೇ ಮುಂದಿನ ಸಾಲಿನಲ್ಲಿ ಕೂಡಿಸಿ ಕೇಳಿಸಬೇಕು ಅಂತ ಹಲ್ಲು ಕಚ್ಚಿದೆ.

ನಾನು ನಡುಮನೆಯಲ್ಲಿ ಕುರ್ಚಿ ಹಾಕಿ ಊದುತ್ತಿದ್ದರೆ ನನ್ನ ಹೆಂಡತಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾಲ್ಕನೆಯ ತಿಂಗಳಿಗೆ ನಾನೊಂದು ಭಜನೆಯ ಧಾಟಿ ಹಿಡಿದಿದ್ದೆ. ಸೋಮವಾರ ಮಠದಲ್ಲಿ ಹಾಡುವಂಥದ್ದು, ಬಹಳ ಏರಿಳಿತ ಇಲ್ಲದ್ದು. ನಿಜ ಹೇಳಬೇಕೆಂದರೆ ಅದನ್ನು ನಾನು ಮಠದಲ್ಲಿ ಕಲಿಯಲಿಲ್ಲ. ಅವಳು ರೊಟ್ಟಿ ಬಡಿಯುವಾಗ ಗುನುಗುತ್ತಿದ್ದದ್ದೇ ಕಿವಿಯಲ್ಲಿ ಕೂತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ, ಅವಳಿಗೂ.

ಒಂದು ಸಂಜೆ ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ನಿನ್ನಿ ಅಲ್ಲಿ ದನಿ ಇಳೀತಿತ್ರಿ, ಇವತ್ತ ಏರೇದ" ಅಂದಳು.

"ನಿನಗೇನ್ ತಿಳೀತದ? ಒಲಿ ಮ್ಯಾಲಿನ ರೊಟ್ಟಿ ನೋಡು" ಅಂದೆ. ಮರುದಿನ ಮಾಸ್ತರನೂ ಅದೇ ಜಾಗದಲ್ಲಿ ಕೈ ಎತ್ತಿ ನಿಲ್ಲಿಸಿ ಅದನ್ನೇ ಹೇಳಿದ. ಮಾಸ್ತರ ಹೇಳಿದ್ದರಿಂದ ತಿದ್ದಿಕೊಂಡೆ.

ದೀಪಾವಳಿಯ ಮುಂಚಿನ ದಿನ ಶಾಲೆಯಿಂದ ಬಂದು ನೋಡುತ್ತೇನೆ, ನನ್ನ ತುತ್ತೂರಿ ಹಿತ್ತಲ ಕಟ್ಟೆಯ ಮೇಲೆ ಕೊಡ ತಂಬಿಗೆಗಳ ಸಾಲಿನಲ್ಲಿ ಬೋರಲಾಗಿ ಒಣಗುತ್ತಿದೆ. ಹೊಸ ಬಂಗಾರದ ಹಾಗೆ ಹೊಳೆಯುತ್ತಿದೆ. ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ತಿಕ್ಕಿಬಿಟ್ಟಿದ್ದಳು. ಎತ್ತಿಕೊಂಡು ಗುಂಡಿ ಒತ್ತಿದೆ. ಒಂದೂ ಅಲ್ಲಾಡಲಿಲ್ಲ. ಒಳಗೆಲ್ಲ ಬೂದಿ, ಹುಣಸೆಯ ನಾರು.

"ಹಿತ್ತಾಳಿದಲ್ರೀ?" ಅಂದಳು. "ಯಾರ್ಯಾರದೋ ಬಾಯಿ ತಾಕಿದ್ದು, ನೀವು ಹಂಗ ಬಾಯಾಗ ಇಟ್ಕೋತೀರಿ."

ನಾನು ಅಂದು ಏನೇನು ಅಂದೆನೋ ಅದನ್ನು ಇಲ್ಲಿ ಬರೆಯುವುದಿಲ್ಲ. ತಂಬಿಗೆಗೂ ವಾದ್ಯಕ್ಕೂ ಫರಕು ತಿಳಿಯದವಳ ಜೊತೆ ಬಾಳುವೆ ಮಾಡುತ್ತಿದ್ದೇನೆ ಅನ್ನುವುದು ಅದರಲ್ಲಿ ಎಲ್ಲಕ್ಕಿಂತ ಸೌಮ್ಯವಾದದ್ದು. ಮಾಸ್ತರನ ಹತ್ತಿರ ಒಯ್ದೆ. ಆತ ಗುಂಡಿಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿ, ಹಳೆಯ ಧೋತರದ ತುಂಡಿನಿಂದ ಒರೆಸಿ, ಎಣ್ಣೆ ಬಿಟ್ಟು ಮತ್ತೆ ಹಾಕಿದ. ಸಿಟ್ಟಿಲ್ಲ ಏನಿಲ್ಲ. "ನಲವತ್ತು ವರ್ಷದಾಗ ಇದರ ಮಾರಿ ಯಾರೂ ಹಿಂಗ ತೊಳದಿಲ್ಲ ನೋಡ್ರಿ" ಅಂತ ನಕ್ಕ. ಆತನ ಸ್ವಭಾವವೇ ಹಾಗೆ. ಜೀವನವಿಡೀ ಮಂದಿಯ ಮುಂದೆ ನಡೆದವನಿಗೆ ಸಿಟ್ಟು ಮಾಡುವ ಹಕ್ಕಿದೆ ಅಂತಲೂ ಗೊತ್ತಿರುವುದಿಲ್ಲ ಅಂತ ನನ್ನ ತೀರ್ಮಾನವಾಗಿತ್ತು.

ಹನ್ನೊಂದು ತಿಂಗಳು ಕಳೆದ ಮೇಲೆ ಕಾರ್ಯಕ್ರಮದ ತಯಾರಿಗೆ ಇಳಿದೆ. ಶಾಲೆಯ ಸಭಾಂಗಣವನ್ನು ಒಂದು ಭಾನುವಾರ ಸಂಜೆ ಐದಕ್ಕೆ ಕೇಳಿದೆ. ಊರಿನ ಒಬ್ಬ ದೊಡ್ಡ ಮನುಷ್ಯನನ್ನು ಅಧ್ಯಕ್ಷತೆಗೆ ಕರೆಯಬೇಕು ಅನ್ನುವ ಷರತ್ತಿನ ಮೇಲೆ ಹೆಡ್‌ಮಾಸ್ತರರು ಒಪ್ಪಿದರು. ಆ ದೊಡ್ಡ ಮನುಷ್ಯ ಹಿಂದೆ ತಾಲೂಕಿನಲ್ಲಿ ಏನೋ ಆಗಿದ್ದವನು, ಈಗ ಹಾರ ಹಾಕಿಸಿಕೊಳ್ಳುವುದೇ ಉದ್ಯೋಗ. ನಾನು ನೂರು ಕಾರ್ಡು ಕೈಯಾರೆ ಬರೆದೆ. ಮೊದಲು ಮಾಸ್ತರನದು ಒಂದು ಹಾಡು, ಆಮೇಲೆ ನಾನೊಬ್ಬನೇ ಹತ್ತು ನಿಮಿಷ. ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು: ಎಲ್ಲರೂ ದಯವಿಟ್ಟು ಕೊನೆಯತನಕ ಕುಳಿತು ಕೇಳಬೇಕು.

ಮಾಸ್ತರನಿಗೆ ಕೂತು ನುಡಿಸುವುದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ವೇದಿಕೆಯ ಮೇಲೆ ಎರಡು ಕುರ್ಚಿ. ಆತ ಕೂತರೆ ಮೂರನೆಯ ಸಾಲಿಗೇ ಉಸಿರು ಸೋರಿಹೋಗುತ್ತಿತ್ತು. ಎಡಗಾಲು ನೆಲ ಬಡಿಯುತ್ತಿತ್ತು, ಆಮೇಲೆ ಬಲಗಾಲು, ಆಮೇಲೆ ಕುರ್ಚಿಯೇ ಮುಂದಕ್ಕೆ ಸರಿಯುತ್ತಿತ್ತು. "ಕಾಲು ಅಲ್ಲಾಡಿಸಬ್ಯಾಡ್ರಿ" ಅಂತ ನೂರು ಸಲ ಹೇಳಿದೆ. ಕೆಂಪು ಕೋಟೂ ಬೇಡ, ಬಿಳಿ ಅಂಗಿ ಹಾಕಿಕೊಂಡು ಬರಬೇಕು ಅಂದೆ. ಅದಕ್ಕೆ ಮಾತ್ರ ಆತ ತುತ್ತೂರಿಯನ್ನು ತೊಡೆಯ ಮೇಲೆ ಇಳಿಸಿದ.

"ಕೋಟ್ ಇಲ್ದ ನಾ ಎಲ್ಲೀನೂ ಬಾರಿಸಿಲ್ರಿ."

"ಇದು ಮದಿವಿ ಅಲ್ರಿ."

"ಆಯ್ತು ಬಿಡ್ರಿ ಸರ" ಅಂದ.

ಭಾನುವಾರ ಮಂದಿ ಬಂದರು. ಚುರುಮುರಿಯ ಸುಸಲಾ, ಮಿರ್ಚಿ ಭಜಿ ಇದೆ ಅನ್ನುವ ಸುದ್ದಿ ನನಗಿಂತ ಮುಂಚೆ ಊರೆಲ್ಲ ಓಡಾಡಿತ್ತು. ಗಂಡಸರು ಬೆಂಚಿನ ಮೇಲೆ, ಹೆಂಗಸರು ಜಮಖಾನದ ಮೇಲೆ. ನನ್ನ ಹೆಂಡತಿ ಜಮಖಾನದ ಕೊನೆಗೆ ಗೋಡೆಗೆ ಆತು ಕೂತಿದ್ದಳು. ನರೋಣಾ ಕಡೆಯಿಂದ ಯಾರ ಮನೆಗೋ ಬಂದಿದ್ದ ಒಬ್ಬ ಮುದುಕಿ, ಉಡುಗೊರೆಗೆಂದು ಕುಪ್ಪಸದ ಖಣ ಹಿಡಿದುಕೊಂಡು, "ಮದುಮಗಳು ಯಾವಕಿ ಯಪ್ಪಾ?" ಅಂತ ನನ್ನನ್ನೇ ಕೇಳಿದಳು. ಮದುವೆ ಅಲ್ಲ ಅಂದರೆ, ಹಾಗಾದರೆ ಬ್ಯಾಂಡ್ ಯಾಕೆ ಅಂತ ಮರುಪ್ರಶ್ನೆ. ಅವಳನ್ನು ಕೂಡಿಸಿದೆ. ಹೆಡ್‌ಮಾಸ್ತರರನ್ನು, ಸ್ಟಾಫ್ ರೂಮಿನವರನ್ನು, ಅಧ್ಯಕ್ಷರನ್ನು ಮುಂದಿನ ಸಾಲಿನಲ್ಲಿ ಕೂಡಿಸಿದೆ. ನಾನೇ ಬಾಗಿಲು ಮುಂದೆ ಮಾಡಿದೆ. ಎಲ್ಲ ನಾನು ಹನ್ನೊಂದು ತಿಂಗಳು ಅಂದುಕೊಂಡ ಹಾಗೇ ಇತ್ತು.

ಮಾಸ್ತರ ಬಿಳಿ ಅಂಗಿಯಲ್ಲಿ ನನ್ನ ಪಕ್ಕದ ಕುರ್ಚಿಯ ತುದಿಗೆ ಕೂತ. ಆಸ್ಪತ್ರೆಯಿಂದ ಎಬ್ಬಿಸಿ ತಂದವನ ಹಾಗೆ ಕಾಣುತ್ತಿದ್ದ. ತುತ್ತೂರಿ ಬಾಯಿಗಿಟ್ಟು ಮೊದಲ ಸಾಲು ಊದಿದ.

ಮುಂದಿನ ಸಾಲಿನ ಅಧ್ಯಕ್ಷರು ಎದ್ದು ನಿಂತರು. ಎದ್ದು, ವೇದಿಕೆಗೆ ಬೆನ್ನು ಮಾಡಿ, ಬಾಗಿಲ ಕಡೆ ತಿರುಗಿ ಕೈ ಮುಗಿದರು. ಬ್ಯಾಂಡು ನುಡಿದ ಮೇಲೆ ತನಗಿಂತ ದೊಡ್ಡವನು ಯಾವನೋ ಬಂದಿರಬೇಕು ಅನ್ನುವುದು ಅವರ ಮೂಳೆಯಲ್ಲಿತ್ತು. ಅವರು ಎದ್ದರೆ ಹೆಡ್‌ಮಾಸ್ತರರು ಎದ್ದರು. ಆಮೇಲೆ ಸಭಾಂಗಣವೇ ಎದ್ದು ಬಾಗಿಲ ಕಡೆ ತಿರುಗಿತು. "ಯಾರು ಬಂದ್ರು? ಯಾರು?" ಅನ್ನುವ ಗುಜುಗುಜು. ಯಾರೋ ಓಡಿಹೋಗಿ ನಾನು ಮುಂದೆ ಮಾಡಿದ್ದ ಬಾಗಿಲನ್ನು ತೆರೆದೂಬಿಟ್ಟರು. ಹೊರಗೆ ಒಂದು ನಾಯಿ ಮಲಗಿತ್ತು.

"ಯಾರೂ ಬಂದಿಲ್ರಿ. ಕೂಡ್ರಿ" ಅಂತ ಕೂಗಿದೆ. ನನ್ನ ತೆಳು ದನಿ ಎರಡನೆಯ ಬೆಂಚು ದಾಟಲಿಲ್ಲ. ಸಾವಕಾಶವಾಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಮಾಸ್ತರ ಮತ್ತೆ ಶುರು ಮಾಡಿದ. ಮತ್ತೆ ಅರ್ಧ ಮಂದಿ ಎದ್ದರು. ಇತ್ತ ಆತನ ಉಸಿರು ಎರಡನೆಯ ಸಾಲಿನಲ್ಲೇ ಕಡಿದುಹೋಯಿತು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು.

ನನ್ನ ಕಡೆ ಬಾಗಿ, "ಸರ, ಒಂದ್ ನಾಕು ಹೆಜ್ಜಿ ಹಾಕಲೇನ್ರಿ?" ಅಂದ.

"ಕುಂತು ಊದ್ರಿ" ಅಂದೆ, ಹಲ್ಲಿನ ಸಂದಿಯಿಂದ.

ಮೂರನೆಯ ಸಲ ಊದಿದ. ದನಿ ಹೋಳಾಯಿತು. ಆಗ ಆತ ನನ್ನನ್ನು ನೋಡಲಿಲ್ಲ. ಎದ್ದ. ಎದ್ದು ವೇದಿಕೆಯ ಮೇಲೆ ಎರಡು ಹೆಜ್ಜೆ ಹಾಕಿದ, ದನಿ ತುಂಬಿಕೊಂಡಿತು. ಮೆಟ್ಟಿಲು ಇಳಿದ. ಬೆಂಚುಗಳ ನಡುವಿನ ದಾರಿಯಲ್ಲಿ, ಎದೆ ಎತ್ತಿ, ತುತ್ತೂರಿಯ ಬಾಯಿಯನ್ನು ಚಾವಣಿಯ ಕಡೆ ಹಿಡಿದು ನಡೆದ. ಆ ಸುಣ್ಣ ಉದುರಿದ ಗೋಡೆಗಳ ಸಭಾಂಗಣದಲ್ಲಿ ಅಂಥ ದನಿ ನಾನು ಕೇಳಿರಲಿಲ್ಲ. ಹನ್ನೊಂದು ತಿಂಗಳು ಆತನ ಎದುರು ಕುರ್ಚಿ ಹಾಕಿ ಕೂತವನು ನಾನು, ಆತ ನಿಜವಾಗಿ ಹೇಗೆ ನುಡಿಸುತ್ತಾನೆ ಅನ್ನುವುದನ್ನು ಅಂದೇ ಮೊದಲು ಕೇಳಿದ್ದು. ಹೊಟ್ಟೆಕಿಚ್ಚಾಯಿತು. ಅದನ್ನು ಬೇರೆ ಯಾವ ಹೆಸರಿನಿಂದ ಕರೆಯಲಿ?

ಬಾಗಿಲು ತೆರೆದೇ ಇತ್ತು. ಆತ ಹೊರಗೆ ಹೋದ. ಮಂದಿ ಅವನ ಹಿಂದೆ ಹೋದರು. ಅಧ್ಯಕ್ಷರು, ಹೆಡ್‌ಮಾಸ್ತರರು, ಸ್ಟಾಫ್ ರೂಮು, ಖಣದ ಮುದುಕಿ, ಎಲ್ಲ. ಮೆಟ್ಟಿಲ ಹತ್ತಿರ ಚಪ್ಪಲಿ ಹುಡುಕುವ ಗದ್ದಲ ಸ್ವಲ್ಪ ಹೊತ್ತು. ಆಮೇಲೆ ದನಿ ಬಸ್ ಸ್ಟ್ಯಾಂಡಿನ ಕಡೆ ಸಾಗಿತು. ಬಸ್ ಸ್ಟ್ಯಾಂಡಿನಲ್ಲಿ ಯಾರೂ ಇಳಿಯಲಿಲ್ಲವಂತೆ. ಸ್ವಲ್ಪ ಹೊತ್ತು ನೋಡಿ, ಮಂದಿ ಅಲ್ಲಿಂದಲೇ ತಮ್ಮ ತಮ್ಮ ಮನೆಗೆ ಹೋದರಂತೆ. ಯಾರನ್ನು ಕರೆತರಲು ಹೋಗಿದ್ದೆವು ಅಂತ ಒಬ್ಬನೂ ಕೇಳಲಿಲ್ಲ ಅಂತ ಮರುದಿನ ಮಾಸ್ತರ ತಪ್ಪಾಯಿತು ಅನ್ನಲು ಬಂದಾಗ ಹೇಳಿದ. ತುತ್ತೂರಿಯನ್ನು ವಾಪಸು ಕೊಡಹೋದರೆ, "ಇರಲಿ ಬಿಡ್ರಿ, ನಿಮ್ಮ ತುಟಿ ಅದಕ್ಕ ಕೂತಾವ" ಅಂತ ಬಿಟ್ಟುಹೋದ.

ಆದರೆ ಅಂದು ನಾನು ಇನ್ನೂ ಕುರ್ಚಿಯ ಮೇಲೆಯೇ ಇದ್ದೆ. ಎದ್ದು ಅವರ ಹಿಂದೆ ಊದುತ್ತ ಹೋಗಬಹುದಿತ್ತು, ಆದರೆ ನಡೆಯುತ್ತ ಊದಲು ನನಗೆ ಬರುತ್ತಿರಲಿಲ್ಲ. ಘತ್ತರಗಿ ರಸ್ತೆಯನ್ನು ಎರಡು ದಿನಕ್ಕೇ ಬಿಟ್ಟವನು ನಾನು. ಖಾಲಿ ಬೆಂಚುಗಳನ್ನು ನೋಡುತ್ತ ಊರನ್ನು ಮನಸ್ಸಿನಲ್ಲೇ ಬೈದೆ. ದನ ಅಂದೆ, ದನಕ್ಕಿಂತ ಕಡೆ ಅಂದೆ. ಕೂತು ಕೇಳಲು ಬರುವ ಒಂದು ಜೀವ ಈ ತಾಲೂಕಿನಲ್ಲಿ ಹುಟ್ಟಿಲ್ಲ ಅಂದುಕೊಂಡೆ.

"ನಿಮ್ಮದು ಶುರು ಮಾಡ್ರಿ" ಅನ್ನುವ ದನಿ ಕೇಳಿತು.

ನನ್ನ ಹೆಂಡತಿ. ಜಮಖಾನದ ಕೊನೆಗೆ, ಗೋಡೆಗೆ ಆತು, ಸೆರಗು ಹೊದ್ದು ಕೂತೇ ಇದ್ದಳು.

"ನೀ ಯಾಕ ಹೋಗಿಲ್ಲ?" ಅಂದೆ.

"ಕುಂತು ಕೇಳಬೇಕಂತ ಕಾರ್ಡಿನ್ಯಾಗ ಬರದೀರಲ್ರಿ. ಊದ್ರಿ, ನಾ ಕೇಳ್ತೇನಿ."

"ನಿನಗೊಬ್ಬಾಕಿಗೇನು ಊದೂದು?" ಅಂದೆ.

ಹಾಗೆಯೇ ಅಂದೆ, ಒಂದು ಅಕ್ಷರವನ್ನೂ ಬದಲಿಸದೆ ಬರೆದಿದ್ದೇನೆ. ಆ ಊರಿನ ಬಗ್ಗೆ ನಾನು ಈತನಕ ಬರೆದ ಬೈಗುಳಗಳಲ್ಲಿ ಒಂದೂ ಈ ಮಾತನ್ನು ಆಡಿದವನಿಗೆ ಸಲ್ಲದೆ ಉಳಿಯುವುದಿಲ್ಲ. ಹನ್ನೊಂದು ತಿಂಗಳು ಅಡುಗೆಮನೆಯಲ್ಲಿ ಕೂತು, ತನ್ನದೇ ಧಾಟಿ ಎಲ್ಲಿ ಏರಿತು ಎಲ್ಲಿ ಇಳಿಯಿತು ಅಂತ ಕೇಳಿದವಳು ಅವಳು. ನನಗೆ ಅವಳು ಲೆಕ್ಕಕ್ಕೇ ಬರಲಿಲ್ಲ. ನಾನು ತುತ್ತೂರಿಯನ್ನು ಚೀಲಕ್ಕೆ ತುರುಕಿದೆ.

ಅವಳು ಮತ್ತೊಮ್ಮೆ ಕೇಳಲಿಲ್ಲ. ಎದ್ದು ಜಮಖಾನದ ಎರಡು ತುದಿ ಹಿಡಿದಳು, ಇನ್ನೆರಡನ್ನು ನಾನು ಹಿಡಿದೆ, ಮಡಚಿ ಇಟ್ಟು ಮನೆಗೆ ಬಂದೆವು. ಆಮೇಲಿನ ದಿನಗಳಲ್ಲಿ ಅವಳು ರೊಟ್ಟಿ ಬಡಿಯುವಾಗ ಆ ಧಾಟಿಯನ್ನು ಗುನುಗಿದ್ದು ನಾನು ಕೇಳಿಲ್ಲ.

ತುತ್ತೂರಿ ಈಗಲೂ ಮನೆಯಲ್ಲಿದೆ. ಪ್ರತಿ ದೀಪಾವಳಿಗೆ ಅವಳು ಅದನ್ನು ಕೊಡ ತಂಬಿಗೆಗಳ ಜೊತೆ ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತಾಳೆ. ಗುಂಡಿಗಳು ಹಿಡಿದುಕೊಂಡು ಬಹಳ ವರ್ಷವಾಯಿತು. ನಾನು ಬೇಡ ಅನ್ನುವುದಿಲ್ಲ.